ಹುಡುಗರ ಸಾಲಿನ ಪೈಲ್ವಾನ

"ಬುದ್ಧಿ, ಕೆಲಸ ಬಿಟ್ಟು ಎರಡು ವರ್ಷದ ಎಂಬಿಎ ಸೇರಲೋ, ಕೆಲಸದಲ್ಲಿದ್ದುಕೊಂಡೇ ಶನಿವಾರ ಭಾನುವಾರ ಓದುವ ಎಂಬಿಎ ಸೇರಲೋ?" ಎಂದು ಕೊಟ್ರೇಶ ಮಠದ ಗುರುಗಳನ್ನು ಕೇಳಿದ. ಅವನಿಗೆ ನಲವತ್ತು ದಾಟಿತ್ತು. ಕಂಪನಿಯಲ್ಲಿ ಹತ್ತಾರು ಜನ ಅವನ ಕೈಕೆಳಗಿದ್ದರು. "ಎರಡನೆಯದು ನಮ್ಮಂಥವರಿಗೇ ಮಾಡಿದ್ದಂತೆ. ಆದರೆ ಹೆಸರು ಮೊದಲನೆಯದಕ್ಕೇ ಹೆಚ್ಚು. ವಯಸ್ಸಿದ್ದಾಗ ಅದು ನನಗೆ ದಕ್ಕಲಿಲ್ಲ."

ಗುರುಗಳು ನಕ್ಕರು. "ಮಠಕ್ಕೆ ಬಂದು ಎಂಬಿಎ ಕೇಳುವವನು ನೀನೊಬ್ಬನೇ ಮಾರಾಯ. ನನಗೆ ಗೊತ್ತಿರುವುದು ಕತೆ. ಕೇಳು."

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಊರಿನ ಸಣ್ಣ ಗರಡಿ ಅವನದು. ಏಳೆಂಟು ಹುಡುಗರು ಅವನನ್ನೇ ನಂಬಿ ಕುಸ್ತಿ ಕಲಿಯುತ್ತಿದ್ದರು. ಆದರೆ ಅವನಿಗೊಂದು ಕೊರಗು. ಪಟ್ಟಣದ ದೊಡ್ಡ ಗರಡಿಯಲ್ಲಿ ಕಲಿಯುವ ಭಾಗ್ಯ ಎಳವೆಯಲ್ಲಿ ಸಿಕ್ಕಿರಲಿಲ್ಲ. ನಲವತ್ತರಲ್ಲಿ ಆ ಕೊರಗು ಹೆಚ್ಚಾಯಿತು. ಒಂದು ದಿನ ಹೊರಟೇಬಿಟ್ಟ.

ಪಟ್ಟಣದ ಗರಡಿಯಲ್ಲಿ ಕಲಿಸುವ ಉಸ್ತಾದ ಅವನನ್ನು ಮೇಲಿಂದ ಕೆಳಗೆ ನೋಡಿದ. "ಗರಡಿ ನಡೆಸುವವರಿಗೆ ಅಗೋ, ಆ ಕಟ್ಟೆಯ ಮೇಲೆ ಜಾಗ ಇದೆ. ವಾರಕ್ಕೊಮ್ಮೆ ಬಾ. ಯಾವ ಹುಡುಗನನ್ನು ಯಾರ ಮೇಲೆ ಬಿಡಬೇಕು, ಯಾವಾಗ ತಡೆಯಬೇಕು, ಸೋತವನಿಗೆ ಏನು ಹೇಳಬೇಕು, ಕೂತು ಕಲಿ. ನಿನ್ನ ಗರಡಿ ಮಾತ್ರ ಮುಚ್ಚಬೇಡ."

"ಕಟ್ಟೆ ಮೇಲೆ ಕೂರೋಕೆ ನಾನೇನು ಮುದುಕನಾ ಉಸ್ತಾದ್? ಹುಡುಗರ ಜೊತೆ ಮಣ್ಣಿಗೇ ಇಳೀತೀನಿ."

ಇನ್ನು ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಉಸ್ತಾದ ಅವನನ್ನು ಮಣ್ಣಿಗಿಳಿಸಿದ.

ಪೈಲ್ವಾನ ಹುಡುಗರ ಸಾಲಿನಲ್ಲಿ ನಿಂತು ದಂಡ ಹೊಡೆದ, ಬಸ್ಕಿ ಹೊಡೆದ. ಬರುತ್ತಿದ್ದ ಪಟ್ಟುಗಳನ್ನೇ ಮತ್ತೆ ಕಲಿತ. ತನ್ನ ಮಗನ ವಯಸ್ಸಿನವರನ್ನು ಒಬ್ಬೊಬ್ಬರನ್ನಾಗಿ ಚಿತ್ ಮಾಡಿದ. ಮೊದಲ ವಾರವೇ ಸೋತಿದ್ದರೆ ಬೇಗ ಮನೆಗೆ ಬರುತ್ತಿದ್ದ, ಪಾಪ. ಎರಡು ವರ್ಷದ ಕೊನೆಗೆ ಆ ಸಾಲಿಗೆಲ್ಲ ಅವನೇ ಮೊದಲಿಗನಾದ. ಉಸ್ತಾದ ಅವನ ತಲೆಗೆ ರುಮಾಲು ಸುತ್ತಿ ಕಳಿಸಿದ.

ಹಿಗ್ಗಿಕೊಂಡು ಊರಿಗೆ ಬಂದರೆ ಗರಡಿಯ ಮಣ್ಣು ಕಲ್ಲಾಗಿತ್ತು. ಹುಡುಗರು ಚೆದುರಿಹೋಗಿದ್ದರು. ತಡೆಯುವವರಿಲ್ಲದೆ, ತನಗಿಂತ ಬಲವಾದವನ ಮೇಲೆ ಕುಸ್ತಿಗೆ ಬಿದ್ದು ಒಬ್ಬನ ತೋಳು ಮುರಿದಿತ್ತು. ಅದು ಮತ್ತೆ ನೆಟ್ಟಗಾಗಲೇ ಇಲ್ಲ.

ಪೈಲ್ವಾನ ರುಮಾಲು ಬಿಚ್ಚದೆಯೇ ಆ ಶಿಷ್ಯನ ಮನೆಗೆ ಹೋದ. ಏನು ಹೇಳಬೇಕೆಂದು ತೋಚದೆ, "ಅಲ್ಲಿಯ ಹುಡುಗರಿಗೆಲ್ಲ ನಾನೇ ಮೊದಲು ಕಣೋ" ಎಂದ.

ಶಿಷ್ಯ ಒಂದೇ ಕೈಯಲ್ಲಿ ಅವನ ಕಾಲು ಮುಟ್ಟಿದ. "ಹುಡುಗರು ನಾವೇ ಇದ್ವಲ್ಲಣ್ಣ. ನಮಗೆ ಇಲ್ದಂಗಾಗಿದ್ದು ಉಸ್ತಾದ."

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ, "ಹಾಗಾದರೆ ಎರಡನೆಯದೇ ಸೇರಲಾ ಬುದ್ಧಿ?" ಎಂದ.

"ಅದನ್ನು ಆಮೇಲೆ ನೋಡೋಣ. ಮೊದಲು ಹೇಳು, ನಿನಗೆ ಬೇಕಾಗಿರುವುದು ವಿದ್ಯೆಯೋ, ಕಳೆದುಹೋದ ವಯಸ್ಸೋ?"