ಕೆಂಚನ ಅರ್ಧ ವಾದ

ಮಕ್ಕಳೇ, ಹೊಳೆಯ ಈಚೆ ದಡದಲ್ಲಿ ಒಂದು ಕಾಡಿತ್ತು. ಕಾಡಿನ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಮುಳ್ಳುಬೇಲಿಯ ದೊಡ್ಡಿ. ತಪ್ಪು ಮಾಡಿದ ಮರಿಗಳನ್ನು ಅದರಲ್ಲಿ ಕೂಡಿಹಾಕುತ್ತಿದ್ದರು. ತಪ್ಪು ಮಾಡಿದ ಮರಿಗಳು ಅಂದೆನಲ್ಲ, ಅದು ಅಲ್ಲಿನ ಹಿರಿಯರ ಮಾತು. ಒಳಗೆ ಮಾಡಿದವೂ ಇದ್ದವು, ಮಾಡದವೂ ಇದ್ದವು. ಮುಳ್ಳು ಎಲ್ಲರಿಗೂ ಒಂದೇ ಸಮ ಚುಚ್ಚುತ್ತಿತ್ತು.

ದೊಡ್ಡಿಯ ಪಕ್ಕದ ಅತ್ತಿಮರದಲ್ಲಿ ಅಂಬುಜಕ್ಕ ಎಂಬ ಗೊರವಂಕ ಇದ್ದಳು. ಮಾತಿನಲ್ಲಿ ಅವಳನ್ನು ಮೀರಿಸುವವರು ಆ ಕಾಡಿನಲ್ಲಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು. ವಿಚಾರಣೆಯ ದಿನ ಮರಿಗಳು ಹಿರಿಯರ ಮುಂದೆ ತೊದಲುವುದನ್ನು ಕಂಡು ಅವಳಿಗೆ ಮರುಕವಾಗುತ್ತಿತ್ತು. ಒಂದು ದಿನ ಅವಳೇ ಬಂದು ಬೇಲಿಯ ಮೇಲೆ ಕೂತು ಪಾಠ ಶುರುಮಾಡಿದಳು.

"ವಾದಕ್ಕೆ ಎರಡೇ ನಿಯಮ. ಒಂದು, ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಎರಡು, ನಿಮ್ಮ ಮಾತಿಗೆ ಮೊದಲು ಎದುರಾಳಿಯ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. ಅವರೇ ತಲೆದೂಗಬೇಕು. ಆಮೇಲೆ ‘ಆದರೆ’ ಎನ್ನಿ, ನಿಮ್ಮದನ್ನು ಶುರುಮಾಡಿ."

"ಅವರದ್ದನ್ನ ನಾವ್ಯಾಕೆ ಹೇಳ್ಬೇಕಕ್ಕಾ? ಅವರಿಗೆ ಬಾಯಿಲ್ವಾ?" ಎಂದ ಗುಂಡ. ಗುಂಡ ಮುಳ್ಳುಹಂದಿಯ ಮರಿ. ಕಾಡುಹಂದಿಯ ಪಾಲಿನ ಗೆಡ್ಡೆ ಅಗೆದು ತಿಂದು ಸಿಕ್ಕಿಬಿದ್ದವನು.

"ಹೇಳಿ ನೋಡು, ಗೊತ್ತಾಗುತ್ತೆ. ಇವತ್ತು ನೀನು ಹಂದಿಯ ಪಕ್ಷ."

ಗುಂಡ ಗೊಣಗುತ್ತಲೇ ಎದ್ದುನಿಂತ. ಹಂದಿಗೂ ಏಳು ಮರಿಗಳಿವೆ, ಗೆಡ್ಡೆ ಹೋದ ದಿನ ಅವು ಉಪವಾಸ ಮಲಗಿದವು ಎಂದು ಹೇಳುತ್ತಾ ಹೇಳುತ್ತಾ ಅವನ ದನಿಯೇ ಸಣ್ಣದಾಯಿತು. ಅಂಬುಜಕ್ಕನ ಪಾಠ ಒಳ್ಳೆಯ ಪಾಠವೇ ಆಗಿತ್ತು, ಅದರಲ್ಲಿ ಅನುಮಾನ ಬೇಡ.

ಎಲ್ಲರಿಗಿಂತ ಚುರುಕಾಗಿ ಕಲಿತವನು ಕೆಂಚ. ಕೆಂಚ ಮುಂಗುಸಿಯ ಮರಿ. ಗೌಜಲಕ್ಕಿಯ ಗೂಡಿನಿಂದ ಆರು ಮೊಟ್ಟೆ ಕಾಣೆಯಾದ ದಿನ ಅವನು ಗೂಡಿನ ಪಕ್ಕದಲ್ಲೇ ಸಿಕ್ಕಿದ್ದ, ಮೂತಿಗೆ ಪುಕ್ಕ ಅಂಟಿತ್ತು. ಅವನ ತಾಯಿ ದಿನಾ ಬೇಲಿಯ ಹೊರಗೆ ಬಂದು ಕೂರುತ್ತಿದ್ದಳು. ಮಳೆಗಾಲದಲ್ಲಿ ಈಚೆ ದಡದ ಬಿಲಗಳಿಗೆಲ್ಲ ನೀರು ನುಗ್ಗುತ್ತದೆ. ಹೊಳೆ ತುಂಬುವುದರೊಳಗೆ ಕೆಂಚನಿಗೆ ಬಿಡುಗಡೆಯಾದರೆ ಅವನನ್ನೂ ಕರೆದುಕೊಂಡು ಆಚೆ ದಡಕ್ಕೆ ದಾಟಬೇಕು. ಆಗದಿದ್ದರೆ ಅವನನ್ನು ಬಿಟ್ಟು, ಕಣ್ಣು ಬಿಡದ ಇನ್ನೆರಡು ಮರಿಗಳನ್ನು ಕಚ್ಚಿಕೊಂಡು ದಾಟಬೇಕು.

ವಿಚಾರಣೆಯ ಹಿಂದಿನ ದಿನ ಅವಳು ಕೇಳಿದಳು, "ಅಂಬುಜಕ್ಕಾ, ಹಿಂಗೆ ಮೊದಲು ಎದುರಾಳಿ ಮಾತು ಹೇಳೋ ಪದ್ಧತಿ ತೀರ್ಪು ಹೇಳೋ ಕೋಣಯ್ಯನವರಿಗೆ ಗೊತ್ತಾ? ನೀವು ಮೊದಲೇ ಒಂದು ಮಾತು ಹೇಳಿಡ್ತೀರಾ?"

"ಅದೆಲ್ಲ ಯಾಕಮ್ಮ?" ಎಂದಳು ಅಂಬುಜಕ್ಕ. "ನಿನ್ನ ಮಗ ಬಾಯಿ ತೆರೀಲಿ, ಇಡೀ ಕಾಡು ಬೆರಗಾಗುತ್ತೆ. ಮೊದಲೇ ಹೇಳಿಬಿಟ್ಟರೆ ಏನು ಸೊಗಸು?"

ಬೆರಗಾದ ಕಾಡು ಆಮೇಲೆ ಯಾರ ಕಡೆ ತಿರುಗಿ ನೋಡುತ್ತದೆ ಎಂಬ ಲೆಕ್ಕವೂ ಅವಳ ತಲೆಯಲ್ಲಿತ್ತು. ಅದನ್ನು ಅವಳು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಮರುದಿನ ಎಲ್ಲರೂ ಸೇರಿದರು. ತೀರ್ಪು ಹೇಳುವವರು ಕಾಡುಕೋಣ, ಕೋಣಯ್ಯನವರು. ಬಿಸಿಲೇರುವುದರೊಳಗೆ ಕೆಸರಿನ ಹೊಂಡ ಸೇರುವ ಆತುರದಲ್ಲಿ ಅವರು ಆಗಲೇ ಗೊರಸು ಕೆರೆಯುತ್ತಿದ್ದರು. ಗೌಜಲಕ್ಕಿ ಬಿಕ್ಕುತ್ತಾ ತನ್ನ ದೂರು ಹೇಳಿದಳು. ಪಾಪ, ಅವಳ ದುಃಖ ಸುಳ್ಳಲ್ಲ.

ಕೆಂಚ ಮುಂದೆ ಬಂದ. ಮಾತು ತೊದಲಲಿಲ್ಲ.

"ಹಿರಿಯರೇ, ಈ ತಾಯಿಯ ಮಾತು ಹೀಗಿದೆ. ಮುಂಗುಸಿಗಳು ಮೊಟ್ಟೆ ತಿನ್ನುತ್ತವೆ. ನಾನು ಮುಂಗುಸಿ. ನಾನು ಸಿಕ್ಕಿದ್ದು ಗೂಡಿನ ಪಕ್ಕದಲ್ಲೇ, ಮೂತಿಗೆ ಪುಕ್ಕ ಅಂಟಿತ್ತು. ಆರು ದಿನ ಕೂತು ಕಾವು ಕೊಟ್ಟ ತಾಯಿಗೆ ಆ ಗೂಡು ಬರಿದಾದರೆ ಹೇಗಾಗಬೇಡ? ನನ್ನನ್ನು ಬಿಟ್ಟು ಇನ್ನು ಯಾರ ಮೇಲೆ ಅನುಮಾನ ಬರಬೇಕು?"

ಗೌಜಲಕ್ಕಿ ಅಳು ನಿಲ್ಲಿಸಿ ಹೌದು ಹೌದೆಂದು ತಲೆದೂಗಿದಳು. ಅಂಬುಜಕ್ಕ ಕೊಂಬೆಯ ಮೇಲೆ ಎದೆಯುಬ್ಬಿಸಿದಳು. ಇನ್ನು ‘ಆದರೆ’ ಬರಬೇಕು. ಅದರ ಮುಂದಿನ ಮಾತನ್ನು ಹತ್ತು ಸಲ ಅಭ್ಯಾಸ ಮಾಡಿಸಿದ್ದಳು: ಮುಂಗುಸಿ ಮೊಟ್ಟೆಯನ್ನು ಒಡೆದು ತಿನ್ನುತ್ತದೆ, ಕೇರೆಹಾವು ಇಡಿಯಾಗಿ ನುಂಗುತ್ತದೆ. ಗೂಡಿನಲ್ಲಿ ಒಂದು ಚೂರು ಚಿಪ್ಪಾದರೂ ಇತ್ತೇ? ನಾನು ಹೋದದ್ದು ಹಾವಿನ ಬೆನ್ನು ಹತ್ತಿ, ಪುಕ್ಕ ಅಂಟಿದ್ದು ಬರಿಗೂಡಿನಲ್ಲಿ ಮೂತಿಯಿಟ್ಟು ನೋಡಿದಾಗ.

ಕೆಂಚ ಉಸಿರೆಳೆದುಕೊಂಡ. ಅಷ್ಟರಲ್ಲಿ ಕೋಣಯ್ಯನವರು ಗೊರಸು ಕುಟ್ಟಿದರು.

"ಸಾಕು ಸಾಕು! ಮರಿಯೇ ಒಪ್ಪಿಕೊಂಡಿತಲ್ಲ. ಇನ್ನೇನು ವಿಚಾರಣೆ? ಮುಂದಿನ ಬೇಸಿಗೆಯವರೆಗೆ ದೊಡ್ಡಿಯಲ್ಲಿರಲಿ."

ಕೆಂಚ ಬಾಯಿ ತೆರೆದ, ಮತ್ತೆ ಮುಚ್ಚಿದ. ಹಿರಿಯರು ಮಾತಾಡುತ್ತಿದ್ದರು, ನಡುವೆ ಬಾಯಿ ಹಾಕುವ ಹಾಗಿರಲಿಲ್ಲ. ಅವನು ಕೊಂಬೆಯ ಕಡೆ ತಿರುಗಿ ನೋಡಿದ.

ಅಂಬುಜಕ್ಕನ ಕೊಕ್ಕಿನ ತುದಿಗೆ ಮಾತು ಬಂದಿತ್ತು. ‘ಅದು ಅರ್ಧ ವಾದ ಸ್ವಾಮಿ, ಇನ್ನರ್ಧ ಕೇಳಿ’ ಎಂದರೆ ಮುಗಿಯುತ್ತಿತ್ತು. ನಿಯಮ ಕಲಿಸಿದವಳೇ ನಿಯಮ ಮುರಿಯುವುದೇ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಅವಳಿಗೆ ಭಯವಾಗಿತ್ತು, ಅಷ್ಟು ಜನರ ಎದುರು ಕೋಣಯ್ಯನವರ ಕೈಲಿ ಬೈಸಿಕೊಳ್ಳುವ ಭಯ.

ಅಷ್ಟರಲ್ಲಿ ಕೋಣಯ್ಯನವರೇ ತಲೆಯೆತ್ತಿ ನಕ್ಕರು. "ಮರಿಗೆ ಸತ್ಯ ಹೇಳೋದನ್ನ ಚೆನ್ನಾಗಿ ಕಲಿಸಿದ್ದೀಯ ಅಂಬುಜಾ. ಉಳಿದವಕ್ಕೂ ಹೀಗೇ ಕಲಿಸು."

ಕಾಡೆಲ್ಲ ಶಹಬ್ಬಾಸ್ ಎಂದಿತು. ಹೊಗಳಿಕೆಗೆ ತಲೆಬಾಗಿ ರೂಢಿಯಾಗಿದ್ದ ಅಂಬುಜಕ್ಕ ಅವತ್ತೂ ತಲೆಬಾಗಿಬಿಟ್ಟಳು.

ನಾಚಿಕೆ ಆಮೇಲೆ ಬಂತು. ಹೊಂಡದವರೆಗೂ ಹಾರಿಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಕತ್ತಿನವರೆಗೆ ಕೆಸರಿನಲ್ಲಿದ್ದ ಕೋಣಯ್ಯನವರು ಕಣ್ಣು ತೆರೆಯಲಿಲ್ಲ. "ತೀರ್ಪು ಆಗಿಹೋಯ್ತಲ್ಲಮ್ಮ. ಅಲ್ಲೇ ಹೇಳ್ಬೇಕಿತ್ತು" ಎಂದರು.

ನಾಲ್ಕನೆಯ ದಿನ ಹೊಳೆ ತುಂಬಲು ಶುರುವಾಯಿತು. ಕೆಂಚನ ತಾಯಿ ಬೇಲಿಯ ಹತ್ತಿರ ಬಂದು ಅವನ ಮೂತಿಗೆ ಮೂತಿ ತಾಗಿಸಿ ನಿಂತಳು. ದಾಟುವ ಬಂಡೆಗಳನ್ನು ನೀರು ಮುಳುಗಿಸುವ ಮುಂಚೆ ಎರಡು ಮರಿಗಳನ್ನು ಒಂದೊಂದಾಗಿ ದಾಟಿಸಿದಳು. ಆಮೇಲೆ ಅವಳಿಗೆ ಮತ್ತೆ ಈಚೆಗೆ ಬರಲಾಗಲಿಲ್ಲ.

ಮರುದಿನ ಅಂಬುಜಕ್ಕ ಪಾಠಕ್ಕೆ ಬಂದಳು. ಯಾರೂ ಏಳಲಿಲ್ಲ. ಕೊನೆಗೆ ಕೆಂಚ ಎದ್ದ.

"ನಾನು ಕೋಣಯ್ಯನವರ ಪಕ್ಷ ಅಕ್ಕಾ," ಎಂದ. "ಮೊಟ್ಟೆ ತಿಂದದ್ದು ಈ ಮರಿಯೇ. ತಿಂದಿರದಿದ್ದರೆ ಇದರ ಗುರು ಅಲ್ಲೇ ಬಾಯಿ ಬಿಡುತ್ತಿದ್ದಳು. ಎಲ್ಲ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಬಾಯಿ ಬಿಡಲಿಲ್ಲ."

ಅಂಬುಜಕ್ಕ ‘ಆದರೆ’ಗಾಗಿ ಕಾದಳು. ಕೆಂಚ ಕೂತುಕೊಂಡ.

ನೀತಿ: ಮರಿಗೆ ಮಾತು ಕಲಿಸಿದರೆ ಸಾಲದು, ಅದನ್ನು ಕೊನೆಯವರೆಗೆ ಕೇಳಿ ಎಂದು ದೊಡ್ಡವರ ಮುಖಕ್ಕೆ ಹೇಳುವ ಧೈರ್ಯವೂ ಮಾತು ಕಲಿಸಿದವರಿಗೆ ಇರಬೇಕು.