ನೆಲಕ್ಕೆ ಎರಡು ಗುದ್ದು

ಪುಷ್ಯ ಶುದ್ಧ ಸಪ್ತಮಿ, ಬುಧವಾರ. ಬೆಳಗಿನಿಂದ ಒಣಗಾಳಿ ಬೀಸುತ್ತಿತ್ತು. ಮೋಡವಿರಲಿಲ್ಲ.

“ಅಜ್ಜಾರೆ, ಹೆತ್ತವರಿಗೆ ಕಾಣದ್ದು ಹೊರಗಿನವರಿಗೆ ಕಾಣುತ್ತದೆಯೇ?”

ಕೇಳಿದವನು ಹಾಲೇಶ. ಸಂಸಾರಿ, ವಾರಕ್ಕೊಮ್ಮೆ ಮಠಕ್ಕೆ ಬಂದು ಪಾಠ ಕೇಳಿ ಹೋಗುವ ಶಿಷ್ಯ. ಮಠದ ಗುರುಗಳಿಗೆ ವಯಸ್ಸಾಗಿತ್ತು. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಪಾಠ ಮುಗಿದು ಉಳಿದವರು ಎದ್ದು ಹೋಗಿದ್ದರು.

“ಯಾರಿಗೆ ಏನು ಕಂಡಿತು?” ಎಂದರು ಅಜ್ಜಾರು.

“ಮನೆಮನೆಗೆ ಬಂದು ಮಕ್ಕಳಿಗೆ ಲಸಿಕೆ ಹಾಕುವ ಸಿಸ್ಟರ್ ಒಬ್ಬರಿದ್ದಾರೆ. ಹೋದ ವಾರ ಬಂದವರು ನನ್ನ ಮಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಈ ಮಗುವಿನ ಎಡಗಣ್ಣು ಓರೆ ನೋಡುತ್ತದೆ, ಕಣ್ಣಿನ ಡಾಕ್ಟರಿಗೆ ಬೇಗ ತೋರಿಸಿ, ತಡವಾದರೆ ಆ ಕಣ್ಣು ನೋಡುವುದನ್ನೇ ಮರೆಯುತ್ತದೆ ಎಂದರು. ನಮ್ಮವ್ವನಿಗೆ ಸಿಟ್ಟು ಬಂತು. ಮೆಳ್ಳೆಗಣ್ಣು ಅದೃಷ್ಟದ ಕಣ್ಣು, ಸೂಜಿ ಚುಚ್ಚಿದ್ದು ಸಾಲದೆಂದು ಅದೃಷ್ಟಕ್ಕೂ ಔಷಧಿ ಹಾಕಲು ಬಂದಿರೇನು ಎಂದು ಅಂದುಬಿಟ್ಟಳು. ನನಗೂ ಅವ್ವನ ಮಾತೇ ಸರಿ ಎನಿಸಿತು. ಆ ಮಗು ಸೀನಿದರೆ ನಮ್ಮ ಮನೆಯೆಲ್ಲ ಎದ್ದು ಕೂರುತ್ತದೆ. ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ನಮಗೆ ತಿಳಿಯದ್ದು, ಚೀಲ ಹಿಡಿದು ಬಾಗಿಲಿಗೆ ಬಂದವರಿಗೆ ಅರೆಗಳಿಗೆಯಲ್ಲಿ ತಿಳಿಯುತ್ತದೆಯೇ?”

“ಮಗಳಿಗೆ ಎಷ್ಟು ವರ್ಷ?”

“ಬರುವ ಮಾಘಕ್ಕೆ ಮೂರು ತುಂಬುತ್ತದೆ.”

ಅಜ್ಜಾರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಂಚುಗಾರರ ಕೇರಿ ಇತ್ತು. ಮೂವತ್ತು ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಬೆಳಗಾದರೆ ಮೂವತ್ತು ಮನೆಯ ಸುತ್ತಿಗೆಗಳು ಏಳುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಮಲಗುತ್ತಿದ್ದವು. ಆ ಸದ್ದಿನಲ್ಲಿ ಆಡಿದ ಮಾತು ಪಕ್ಕದವನಿಗೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಕೇರಿಯವರು ಕೈಯಲ್ಲಿ ಮಾತಾಡುವುದನ್ನು ಕಲಿತಿದ್ದರು. ನೀರು ಕೊಡು, ಊಟಕ್ಕೆ ಬಾ, ಗಿರಾಕಿ ಬಂದಿದ್ದಾನೆ, ಇವನು ಕೊಳ್ಳುವ ಗಿರಾಕಿಯಲ್ಲ, ಎಲ್ಲಕ್ಕೂ ಒಂದೊಂದು ಸನ್ನೆ ಇತ್ತು. ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ನೆಲಕ್ಕೆ ಎರಡು ಸಲ ಗುದ್ದಿದರೆ ಅದುರು ಕಾಲಿಗೆ ಮುಟ್ಟಿ ಮನೆಯವರು ತಿರುಗಿ ನೋಡುತ್ತಿದ್ದರು. ಈ ರೂಢಿ ಎಷ್ಟು ಬಲಿತಿತ್ತೆಂದರೆ, ಸುತ್ತಿಗೆ ಮಲಗಿದ ಮೇಲೆ ಊಟಕ್ಕೆ ಕೂತಾಗಲೂ ಮಾತು ಕೈಯಲ್ಲೇ ಉಳಿಯುತ್ತಿತ್ತು. ಹೊರಗಿನವರು ಕಂಡು ನಗುತ್ತಿದ್ದರು. ಕೇರಿಯವರಿಗೆ ಅದು ಹೆಮ್ಮೆ.

ಆ ಕೇರಿಯಲ್ಲಿ ಒಬ್ಬ ಕಂಚುಗಾರನ ಕಿವಿಗೆ ಹೆಸರಿತ್ತು. ಸಂಜೆ ಸದ್ದು ನಿಂತ ಮೇಲೆ ಅವನು ಕೊಡವನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ಕೇಳುತ್ತಿದ್ದ. ಕಣ್ಣಿಗೆ ಕಾಣದ ಬಿರುಕು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದ. ಬೇರೆ ಊರಿನವರೂ ಅವನಿಂದ ಬಡಿಸಿ ಕೇಳಿಯೇ ಕೊಡ ಕೊಳ್ಳುತ್ತಿದ್ದರು.

ಮದುವೆಯಾದ ಹನ್ನೊಂದನೇ ವರ್ಷಕ್ಕೆ ಅವನಿಗೊಬ್ಬಳು ಮಗಳು ಹುಟ್ಟಿದಳು. ವರ್ಷ ತುಂಬಿದಾಗ ಅಪ್ಪ ಎಂದಳು. ಆ ಒಂದು ಮಾತು ಕೇಳಲು ಕಂಚುಗಾರ ದಿನಕ್ಕೆ ನಾಲ್ಕು ಸಲ ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗುತ್ತಿದ್ದ. ಮಗುವಿನ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ ಬರುತ್ತಿದ್ದ.

ಎರಡನೇ ವರ್ಷದಲ್ಲಿ ಮಗುವಿಗೆ ನೆಗಡಿಯಾಗಿ ಎರಡೂ ಕಿವಿ ಸೋರತೊಡಗಿದವು. ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಸೋರುತ್ತದೆ ಎಂದರು ನೆರೆಯವರು. ತಾಯಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಸೋರುವುದು ನಿಂತಿತು; ಮತ್ತೆ ಬಂತು; ಮತ್ತೆ ನಿಂತಿತು. ಹಲ್ಲುಗಳೆಲ್ಲ ಬಂದವು, ಸೋರುವುದು ಹೋಗಲಿಲ್ಲ. ಅಷ್ಟರಲ್ಲಿ ಮನೆಯವರಿಗೆ ಅದು ಅಭ್ಯಾಸವಾಗಿತ್ತು. ದಿನವೂ ಹತ್ತಿ ಇಟ್ಟು ತಲೆ ಬಾಚುತ್ತಿದ್ದರು.

ಮಗು ಅಪ್ಪ ಎನ್ನುವುದನ್ನು ಯಾವ ದಿನ ಬಿಟ್ಟಿತೆಂದು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಅದು ಕೈಯಲ್ಲಿ ಅಪ್ಪ ಎನ್ನಲು ಕಲಿತಿತ್ತು. ಎರಡು ಬೆರಳನ್ನು ಮೇಲ್ದುಟಿಯ ಮೇಲೆ ಮೀಸೆಯಂತೆ ಎಳೆಯುವುದು ಆ ಕೇರಿಯಲ್ಲಿ ಅಪ್ಪನ ಸನ್ನೆ. ಬೇರೆ ಮಕ್ಕಳಿಗೆ ಐದಾರು ವರ್ಷಕ್ಕೆ ಬರುವ ಕೈಮಾತು ಇದಕ್ಕೆ ಎರಡೂವರೆಗೇ ಬಂದಿತು. ಇದು ಹೊಟ್ಟೆಯಲ್ಲೇ ಕಲಿತು ಬಂದ ಕೂಸು ಎಂದರು ಕೇರಿಯವರು. ತಾಯಿ ದೃಷ್ಟಿ ತೆಗೆದಳು.

ಆ ಕೇರಿಗೆ ವರ್ಷಕ್ಕೆ ಎರಡು ಸಲ ಒಬ್ಬ ಬಳೆಗಾರ್ತಿ ಬರುತ್ತಿದ್ದಳು. ಮಗುವಿಗೆ ಮೂರು ವರ್ಷವಾದಾಗ ಒಂದು ಅಮಾವಾಸ್ಯೆಯ ದಿನ ಬಂದಳು. ಅಮಾವಾಸ್ಯೆಗೆ ಸುತ್ತಿಗೆಗಳಿಗೆ ರಜೆ. ಅವಳು ಜಗಲಿಯ ಮೇಲೆ ಬಳೆಯ ಮಲಾರ ಇಳಿಸಿದಾಗ ಗಾಜು ಘಲ್ಲೆಂದಿತು. ಬೀದಿಯ ಮಕ್ಕಳೆಲ್ಲ ಓಡಿಬಂದರು. ಕಂಚುಗಾರನ ಮಗಳು ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ಕೂತು ಮಣ್ಣಿನಲ್ಲಿ ಆಡುತ್ತಿದ್ದವಳು ಆಡುತ್ತಲೇ ಇದ್ದಳು. ಬಳೆಗಾರ್ತಿ ಎದ್ದುಹೋಗಿ ಅವಳ ಬೆನ್ನ ಹಿಂದೆ ಒಂದು ಡಜನ್ ಬಳೆ ಹಿಡಿದು ಅಲುಗಿಸಿದಳು. ಎಡಕ್ಕೆ ಅಲುಗಿಸಿದಳು. ಬಲಕ್ಕೆ ಅಲುಗಿಸಿದಳು. ಆಮೇಲೆ ತಾಯಿಯ ಹತ್ತಿರ ಬಂದಳು.

“ತಂಗೀ, ಈ ಕೂಸಿನ ಕಿವಿ ಪೇಟೆಯ ವೈದ್ಯರಿಗೆ ತೋರಿಸು. ತಡ ಮಾಡಬೇಡ.”

“ಬಳೆ ಇಡಲು ಬಂದೆಯೋ ಕಿವಿಯಲ್ಲಿ ಇಣುಕಲು ಬಂದೆಯೋ?” ಎಂದಳು ತಾಯಿ. “ಇದು ಯಾರ ಮಗಳು ಗೊತ್ತೇ? ಈ ಸೀಮೆಯ ಕೊಡಗಳೆಲ್ಲ ಇದರಪ್ಪನ ಕಿವಿಗೆ ಹೆದರುತ್ತವೆ.”

“ಅಪ್ಪನ ಕಿವಿಯ ಸುದ್ದಿ ನಾನೆತ್ತಲಿಲ್ಲವಲ್ಲ ತಂಗಿ. ಹೋದ ಸಲ ಇದಕ್ಕೆ ಬಳೆ ಇಟ್ಟಾಗಲೇ ನನಗೆ ಅನುಮಾನ ಬಂತು. ಬಳೆ ಇಟ್ಟ ಕೂಡಲೇ ಎಲ್ಲ ಮಕ್ಕಳೂ ಕೈ ಅಲುಗಿಸಿ ಕೇಳುತ್ತವೆ. ಇದು ಬಣ್ಣ ನೋಡಿ ಸುಮ್ಮನಾಯಿತು.”

ತಾಯಿ ಅಂದು ಬಳೆ ಕೊಳ್ಳಲಿಲ್ಲ. ಆದರೆ ಮಾತು ಒಳಗೆ ನಾಟಿತ್ತು. ಸಂಜೆ ಗಂಡನಿಗೆ ಹೇಳಿದಳು.

“ಕೂದಲೆಳೆಯಷ್ಟು ಬಿರುಕು ನನ್ನ ಕಿವಿಗೆ ಸಿಗುತ್ತದೆ. ನನ್ನ ಮಗಳಲ್ಲಿ ಕೊರತೆಯಿದ್ದರೆ ನನಗೆ ಸಿಗುತ್ತಿರಲಿಲ್ಲವೇ?” ಎಂದ ಕಂಚುಗಾರ. ಹಾಗೆಂದು ನೆಲಕ್ಕೆ ಎರಡು ಸಲ ಗುದ್ದಿದ. ಮೂಲೆಯಲ್ಲಿ ಬೆನ್ನು ಹಾಕಿ ಕೂತಿದ್ದ ಮಗಳು ತಟ್ಟನೆ ತಿರುಗಿದಳು. ಮೀಸೆ ಎಳೆದು ನಕ್ಕಳು.

“ನೋಡಿದೆಯಾ?” ಎಂದ.

ತಾಯಿ ನೋಡಿದಳು. ಅವಳ ಮನಸ್ಸು ಹಗುರವಾಯಿತು. ಮುಂದಿನ ಸಲ ಬಳೆಗಾರ್ತಿ ಬರುವುದನ್ನು ಕಂಡು ಬಾಗಿಲು ಹಾಕಿಕೊಂಡಳು. ಅದರ ಮುಂದಿನ ಸಲ ಬಳೆಗಾರ್ತಿ ಆ ಬಾಗಿಲಿಗೆ ಬರಲಿಲ್ಲ.

ಮಗಳಿಗೆ ಐದು ವರ್ಷವಿದ್ದಾಗ ಕೆರೆಯ ದಾರಿಯ ಮರಳಿನಲ್ಲಿ ಒಂದು ಎತ್ತಿನ ಗಾಡಿ ಅವಳ ಬೆನ್ನ ಹಿಂದೆಯೇ ಬಂತು. ಅವಳು ಸರಿಯಲಿಲ್ಲ. ಗಾಡಿಯವನು ಹಗ್ಗ ಜಗ್ಗಿ ಎತ್ತು ನಿಲ್ಲಿಸಿ, “ಕಿವಿ ಕೇಳುವುದಿಲ್ಲವೇನೇ ನಿನಗೆ?” ಎಂದು ಗದರಿದ. ಕಂಚುಗಾರ ಅವನೊಡನೆ ಜಗಳಕ್ಕೆ ನಿಂತ. ನೆರೆದವರು ಬಿಡಿಸಿದರು. ಗಾಡಿಯವನು ಆಡಿದ್ದು ಬೈಗುಳವೆಂದೇ ಎಲ್ಲರೂ ತಿಳಿದರು. ಗಾಡಿಯವನೂ ಹಾಗೆಯೇ ತಿಳಿದಿದ್ದ.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಗಂಡಾಗಲಿ ಹೆಣ್ಣಾಗಲಿ, ಮಗುವಿಗೆ ಏಳು ತುಂಬಿದ ದಿನ ಅದರ ಕಿವಿಗೆ ಕಸುಬು ತೋರಿಸಬೇಕು. ಅಂದು ಬೆಳಿಗ್ಗೆ ಯಾವ ಮನೆಯಲ್ಲೂ ಸುತ್ತಿಗೆ ಎತ್ತುವುದಿಲ್ಲ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಎರಡು ಕೊಡಗಳ ನಡುವೆ ಕೂರಿಸುತ್ತಾರೆ. ಒಂದು ಗಟ್ಟಿ ಕೊಡ, ಒಂದು ಬಿರುಕು ಕೊಡ. ತಂದೆ ಎರಡನ್ನೂ ಬಡಿಯುತ್ತಾನೆ. ಮಗು ಗಟ್ಟಿ ಕೊಡದ ಕಡೆ ಕೈ ಚಾಚಬೇಕು. ತಪ್ಪಿದರೂ ಯಾರೂ ಬೈಯುವುದಿಲ್ಲ. ಬೆಲ್ಲ ಹಂಚಿ ಕೆಲಸಕ್ಕೆ ಹೋಗುತ್ತಾರೆ.

ಕಂಚುಗಾರ ಮಗಳಿಗಾಗಿ ಮೂರು ತಿಂಗಳು ಕೂತು ಹೊಸ ಕೊಡ ಮಾಡಿದ. ಅಂಥ ನಾದವನ್ನು ಆ ಕೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಆ ದಿನ ಬಂತು. ಬೀದಿ ನಿಶ್ಶಬ್ದವಾಗಿತ್ತು. ಮಗಳ ಕಣ್ಣಿಗೆ ತಾಯಿ ಬಟ್ಟೆ ಕಟ್ಟಿದಳು. ಕಂಚುಗಾರ ಹೊಸ ಕೊಡ ಬಡಿದ. ನಾದ ಬೀದಿಯ ಕೊನೆಯವರೆಗೆ ಹೋಯಿತು. ಮಗಳು ಕದಲಲಿಲ್ಲ. ಬಿರುಕು ಕೊಡ ಬಡಿದ. ಕದಲಲಿಲ್ಲ. ಹೊಸ ಕೊಡವನ್ನು ಅವಳ ಕಿವಿಯ ಪಕ್ಕಕ್ಕೇ ತಂದು ಬಡಿದ. ಅವಳು ನಗುಮುಖದಲ್ಲಿ ಕಾಯುತ್ತಿದ್ದಳು.

“ಕೂಸಿಗೆ ನಿದ್ದೆ ಬಂದಿರಬೇಕು,” ಎಂದಳು ಒಬ್ಬ ಮುದುಕಿ. ಯಾರೂ ನಗಲಿಲ್ಲ.

ಮಗಳು ಕೈಯೆತ್ತಿದಳು. ಮೀಸೆ ಎಳೆದಳು. ಆಮೇಲೆ ಕೈಯಲ್ಲೇ ಕೇಳಿದಳು: ಅಪ್ಪ, ಯಾವಾಗ ಬಡಿಯುತ್ತೀಯ?

ಕಂಚುಗಾರ ಅವಳ ಹೆಸರು ಹಿಡಿದು ಕರೆದ. ತೊಟ್ಟಿಲಿಗೆ ಹಾಕಿದ ದಿನದ ಮೇಲೆ ಆ ಹೆಸರನ್ನು ಅವನು ಬಾಯಿಬಿಟ್ಟು ಕರೆದದ್ದು ಕಡಿಮೆ. ಇನ್ನೊಮ್ಮೆ ಕರೆದ. ಮತ್ತೂ ಒಮ್ಮೆ ಕರೆದ. ಕೊನೆಗೆ ನೆಲಕ್ಕೆ ಎರಡು ಸಲ ಗುದ್ದಿದ. ಅವಳು ಬಟ್ಟೆ ಸರಿಸಿ ಅವನ ಮುಖ ನೋಡಿದಳು. ಅವಳ ನಗು ಆಗ ಹೋಯಿತು.

ಅಂದೇ ಗಾಡಿ ಕಟ್ಟಿಸಿ ಪೇಟೆಗೆ ಹೋದರು. ವೈದ್ಯರು ಎರಡೂ ಕಿವಿಗಳನ್ನು ಬಹಳ ಹೊತ್ತು ನೋಡಿದರು.

“ಒಳಗೆ ಕೊಳೆತುಹೋಗಿದೆ,” ಎಂದರು. “ಸೋರುವುದನ್ನು ನಿಲ್ಲಿಸಬಲ್ಲೆ. ಹೋದದ್ದನ್ನು ತರಲಾರೆ.”

“ಮೂರು ವರ್ಷದವಳಿದ್ದಾಗ ತಂದಿದ್ದರೆ?” ಎಂದು ಕೇಳಿದ ಕಂಚುಗಾರ.

“ಆಗ ಉಳಿಸಬಹುದಿತ್ತು. ಆಗ ನಿಮಗೆ ಯಾರೂ ಹೇಳಲಿಲ್ಲವೇ?”

ತಾಯಿಗೆ ಇನ್ನೊಂದು ಮಾತು ಕೇಳುವುದಿತ್ತು. ಅವಳು ದಿನವೂ ಹಾಡಿ ಮಗುವನ್ನು ಮಲಗಿಸಿದ್ದಳು. ಅದರಲ್ಲಿ ಎಷ್ಟು ಹಾಡು ಅದಕ್ಕೆ ಕೇಳಿಸಿದ್ದೀತು ಎಂದು ಕೇಳಬೇಕೆಂದುಕೊಂಡಳು. ಕೇಳಲಿಲ್ಲ.

ಹೊಸ ಕೊಡವನ್ನು ಹೊತ್ತುಕೊಂಡು ಕಂಚುಗಾರ ಬಳೆಗಾರ್ತಿಯನ್ನು ಹುಡುಕುತ್ತ ಹೋದ. ಮೂರನೇ ಸಂತೆಯಲ್ಲಿ ಸಿಕ್ಕಳು. ಅವನನ್ನು ಕಂಡವಳೇ, “ಹುಡುಗಿ ಹೇಗಿದ್ದಾಳಣ್ಣ?” ಎಂದಳು.

ಅವನು ಕೊಡವನ್ನು ಅವಳ ಮುಂದಿಟ್ಟ. “ಇನ್ನೊಂದು ಸಲ ಹೇಳಬಾರದಿತ್ತೇ ಅಕ್ಕ?” ಎಂದ.

“ಹೇಳಬೇಕೆಂದೇ ಬಂದಿದ್ದೆ. ಬಾಗಿಲು ಬಡಿದೆ. ನಿಮ್ಮ ಕೇರಿಯ ಸದ್ದಿನಲ್ಲಿ ಬಾಗಿಲು ಬಡಿದರೆ ಯಾರಿಗೆ ಕೇಳುತ್ತದೆ? ನೆಲಕ್ಕೆ ಗುದ್ದಬೇಕೆಂದು ನನಗೆ ತಿಳಿದಿರಲಿಲ್ಲ.”

ಅವಳು ಕೊಡ ತೆಗೆದುಕೊಳ್ಳಲಿಲ್ಲ. ತನಗೆ ಗಾಜಿನ ಹೊರೆಯೇ ಸಾಕು ಎಂದಳು. ಹುಡುಗಿಗೆಂದು ಒಂದು ಜೊತೆ ಹಸಿರು ಬಳೆ ಕೊಟ್ಟು ಕಳಿಸಿದಳು.

ಕೊಡ ಮನೆಗೆ ಹಿಂದಿರುಗಿತು. ದೊಡ್ಡವಳಾದ ಮೇಲೆ ಮಗಳು ಅದರಲ್ಲೇ ನೀರು ತರುತ್ತಿದ್ದಳು. ಬಾವಿಕಟ್ಟೆಯ ಕಲ್ಲಿಗೆ ತಾಗಿ ಕೊಡ ದನಿಗೊಟ್ಟಾಗ ಉಳಿದ ಹೆಂಗಸರು ಕೈಯ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದರು. ಅವರು ಯಾಕೆ ತನ್ನನ್ನು ನೋಡುತ್ತಾರೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಕಂಚುಗಾರನಿಗೆ ಮುಪ್ಪು ಬಂತು. ಅವನಿಗೊಂದು ರೂಢಿಯಾಗಿತ್ತು. ಸಂಜೆ ಸುತ್ತಿಗೆಗಳೆಲ್ಲ ಮಲಗಿದ ಮೇಲೆ, ಮಗಳು ಬೆನ್ನು ಹಾಕಿ ಒಲೆಯ ಮುಂದೆ ಕೂತಿರುವಾಗ, ಅವಳ ಹೆಸರನ್ನು ಒಮ್ಮೆ ಮೆಲ್ಲಗೆ ಕರೆಯುತ್ತಿದ್ದ. ಸ್ವಲ್ಪ ಹೊತ್ತು ಕಾಯುತ್ತಿದ್ದ. ಅವಳು ರೊಟ್ಟಿ ತಟ್ಟುತ್ತಲೇ ಇರುತ್ತಿದ್ದಳು. ಆಮೇಲೆ ನೆಲಕ್ಕೆ ಎರಡು ಸಲ ಗುದ್ದುತ್ತಿದ್ದ. ಅವಳು ತಿರುಗಿ ನೋಡಿ, ಹಿಟ್ಟಿನ ಬೆರಳಿನಿಂದ ಮೀಸೆ ಎಳೆದು ನಗುತ್ತಿದ್ದಳು.

ಕತೆ ಮುಗಿಯಿತು. ಹಾಲೇಶ ತಲೆ ತಗ್ಗಿಸಿ ಕೂತಿದ್ದ. “ಬಳೆಗಾರ್ತಿಯ ಒಂದು ಮಾತನ್ನು ತಳ್ಳಿಹಾಕಿದ್ದಕ್ಕೆ ಆ ಕಂಚುಗಾರ ಎಷ್ಟೊಂದು ತೆರಬೇಕಾಯಿತು, ಅಜ್ಜಾರೆ,” ಎಂದ.

“ಅವನು ಏನೂ ತೆರಲಿಲ್ಲ, ತೆತ್ತವಳಿಗೆ ಆಗ ಮೂರು ವರ್ಷ,” ಎಂದರು ಅಜ್ಜಾರು.