ಬತ್ತದ ಕುಂಡಕ್ಕೆ ಆ ಹೆಸರು ಬಂದದ್ದು

ಉರಿಗಂಡಿ ಬೆಟ್ಟದ ಮೂಡಣ ಮಗ್ಗುಲಲ್ಲಿ, ಹುರುಳಿ ಹೊಲಗಳು ಮುಗಿದು ಕುರುಚಲು ಕಾಡು ಮೊದಲಾಗುವ ಕಡೆ, ನೆಲವೇ ಬಾಯಿ ತೆರೆದಂತೆ ಒಂದು ಅಗಲವಾದ ಕಲ್ಲಿನ ಹೊಂಡವಿದೆ. ಅದರ ಅಂಚಿಗೆಲ್ಲ ಸುಣ್ಣ ಬಳಿದಂತೆ ಬಿಳಿ ಹಕ್ಕಳೆ ಕಟ್ಟಿಕೊಂಡಿದೆ. ಹತ್ತಿರ ಹೋದರೆ ಗಂಧಕದ ವಾಸನೆ ಮೂಗಿಗೆ ಅಡರುತ್ತದೆ. ಹೊಂಡದ ನೀರು ಸದಾ ಕೊತಕೊತನೆ ಕುದಿಯುತ್ತಿರುತ್ತದೆ. ಆಗೊಮ್ಮೆ ಈಗೊಮ್ಮೆ ಯಾರೋ ಕೆಳಗಿನಿಂದ ಹೀರಿಕೊಂಡಂತೆ ತಳಕ್ಕಿಳಿದು ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿಗೆ ಆಳೆತ್ತರಕ್ಕೆ ಚಿಮ್ಮಿ, ಸುತ್ತಲಿನ ಬಂಡೆಗಳನ್ನು ತೊಯ್ಯಿಸಿ, ಹಬೆಯಲ್ಲಿ ಬೆಟ್ಟವನ್ನೇ ಮರೆಮಾಡುತ್ತದೆ. ಇದನ್ನು ನೋಡಲೆಂದು ಈಗೀಗ ದೂರದೂರಿನಿಂದ ಜನ ಬರುತ್ತಾರೆ. ಹಲವರ ಕೈಯಲ್ಲಿ ಬಿಸಿನೀರಿನ ಬುಗ್ಗೆಗಳನ್ನು ನೋಡುವ ಬಗೆಯನ್ನು ತಿಳಿಸುವ ಒಂದು ಕೈಪಿಡಿ ಇರುತ್ತದೆ. ಗಾಳಿಗೆ ಬೆನ್ನು ಮಾಡಿ ನಿಲ್ಲಿ, ಬಿಳಿ ಹಕ್ಕಳೆಯನ್ನು ನಂಬಿ ಕಾಲಿಡಬೇಡಿ, ನೀರು ಇಳಿದರೆ ಆಟ ಮುಗಿಯಿತೆಂದು ತಿಳಿಯಬೇಡಿ, ಹಿಂದೆ ಸರಿಯಬೇಕಾದ ಹೊತ್ತು ಅದೇ ಎಂದು ಅದರಲ್ಲಿ ಬರೆದಿದೆ. ಬರೆದವರು ತಿಳಿದವರೇ, ಅವರೊಡನೆ ನನಗೆ ಜಗಳವಿಲ್ಲ. ಕೊನೆಯಲ್ಲಿ, ಎಂದೂ ಬತ್ತದ ನೀರಾದ್ದರಿಂದ ಇದಕ್ಕೆ ಬತ್ತದ ಕುಂಡವೆಂದು ಹೆಸರಾಯಿತು ಎಂದು ಒಂದು ಸಾಲು ಹಾಕಿದ್ದಾರಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಮಲಗೂರಿನ ಪಾಳೆಗಾರರು ಆಳುತ್ತಿದ್ದ ಕಾಲದಲ್ಲಿ, ಈ ಹೊಂಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಬಿಸಿನೀರ ಗುಂಡಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಉಕ್ಕಿ ಹರಿದ ನೀರು ಕೆಳಗಿನ ಕಟ್ಟೆಯಲ್ಲಿ ನಿಂತು ಹದವಾಗಿ ಆರುತ್ತಿತ್ತು. ಕೀಲುನೋವಿನವರು, ಕಜ್ಜಿಯವರು ಅಲ್ಲಿ ಮೀಯುತ್ತಿದ್ದರು. ಮೇಲಿನ ಗುಂಡಿಯನ್ನು ನೋಡಬಹುದಿತ್ತು, ಇಳಿಯುವಂತಿರಲಿಲ್ಲ. ಆಗ ಕೈಪಿಡಿ ಎಲ್ಲಿಂದ ಬರಬೇಕು? ಅದರ ಕೆಲಸವನ್ನು ಚಿಕ್ಕತಾಯಿ ಎಂಬ ಹೆಂಗಸು ಮಾಡುತ್ತಿದ್ದಳು. ಊರಿನವರು ಮುಟ್ಟಿಸಿಕೊಳ್ಳದ ಕೇರಿಯವಳು ಅವಳು. ಗುಂಡಿಯ ಬಳಿ ಕೂಗು ಹಾಕುವುದು ಅವಳ ಮನೆತನಕ್ಕೆ ಬಿಟ್ಟ ಕೆಲಸ. ಬಂದವರನ್ನು ಎಲ್ಲಿ ನಿಲ್ಲಿಸಬೇಕು, ಗಾಳಿ ತಿರುಗಿದರೆ ಎತ್ತ ಓಡಿಸಬೇಕು, ಯಾವ ಬಂಡೆಯ ಕೆಳಗೆ ಪೊಳ್ಳಿದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬ ಜಂಬವೂ ಅಷ್ಟೇ ಇತ್ತು. ಅವಳು ಬಡಪಾಯಿಯಂತೆ ಕೈಕಟ್ಟಿ ನಿಲ್ಲುವವಳಲ್ಲ. ಅಂಚಿಗೆ ಬಂದು ಕೂತವರನ್ನು ಕಂಡರೆ, "ಇದೇನ್ ನಿಮ್ಮಪ್ಪನ ಜಗ್ಲಿ ಅಂದ್ಕಂಡ್ರಾ? ಏಳಿ ಮ್ಯಾಕ್ಕ" ಎಂದು ಗದರುತ್ತಿದ್ದಳು. ನೀರು ತಳಕ್ಕಿಳಿದು ಸದ್ದು ನಿಂತ ಕೂಡಲೆ ಎತ್ತರದ ಬಂಡೆಯ ಮೇಲೆ ನಿಂತು, ಸೊಂಟಕ್ಕೆ ಸೆರಗು ಬಿಗಿದು, "ಬತ್ತದ! ಬತ್ತದ!" ಎಂದು ಕೂಗುತ್ತಿದ್ದಳು. ನಮ್ಮ ಕಡೆಯ ಮಾತಿನಲ್ಲಿ ಬತ್ತದ ಎಂದರೆ ಬರುತ್ತದೆ ಎಂದರ್ಥ. ಕೂಗು ಕೇಳಿದರೆ ದನ ಕಾಯುವವರೂ ಹಿಂದೆ ಸರಿಯುತ್ತಿದ್ದರು.

ಮಲಗೂರಿನ ರಾಚನಾಯಕ ಬಡಗಣ ಸೀಮೆಯ ದೊಡ್ಡ ಮನೆತನದಿಂದ ಹೆಣ್ಣು ತಂದ. ಅವರ ಕುದುರೆಗಳ ಬಲ ತನ್ನ ಬೆನ್ನಿಗಿರಲಿ ಎಂಬುದು ಅವನ ಲೆಕ್ಕಾಚಾರ. ಮದುವಣಗಿತ್ತಿಯ ಹೆಸರು ನೀಲವ್ವ. ದಾರಿಯಲ್ಲಿ ಬಿದ್ದು ಅವಳ ಕಾಲು ಉಳುಕಿತ್ತು. ಬಿಸಿನೀರಿನಲ್ಲಿ ಇಳಿಬಿಟ್ಟರೆ ವಾಸಿಯಾದೀತೆಂದು ಗುಂಡಿಯ ಬಳಿ ಡೇರೆ ಹಾಕಿಸಿ ಇರಿಸಿದರು. ಗಂಡ ಕೋಟೆಯಲ್ಲಿ, ತವರು ನಾಡಿನಾಚೆ, ಸುತ್ತಲಿನವರ ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಹೀಗಿರುವಾಗ ಆ ಹುಡುಗಿಗೆ ಬಾಯಿ ತುಂಬ ಮಾತಾಡುವ ಚಿಕ್ಕತಾಯಿಯೇ ಜೊತೆಯಾದಳು. ಚಿಕ್ಕತಾಯಿ ಅತ್ತ ಬಂಡೆಯ ಮೇಲೆ, ನೀಲವ್ವ ಇತ್ತ ಕಟ್ಟೆಯ ಮೇಲೆ, ನಡುವೆ ಮುಟ್ಟದಷ್ಟು ದೂರ. ಮೊದಲ ದಿನ ಚಿಕ್ಕತಾಯಿಯ ಕೂಗು ಕೇಳಿ ನೀಲವ್ವನ ಮುಖ ಸಪ್ಪಗಾಯಿತಂತೆ.

"ನೀರ ಬತ್ತ್ಯದ ಏನವ್ವಾ? ಹಂಗಾದ್ರ ನಾ ಇಷ್ಟ ದೂರ ಬಂದದ್ದು ದಂಡ ಆಯ್ತು."

ಅವಳ ಸೀಮೆಯ ಮಾತಿನಲ್ಲಿ ಬತ್ತ್ಯದ ಎಂದರೆ ಬತ್ತಿಹೋಗಿದೆ ಎಂದು. ಇಲ್ಲಿಯ ಬತ್ತದ ಅವಳ ಕಿವಿಗೆ ಹಾಗೆ ಬಿದ್ದಿತ್ತು. ಚಿಕ್ಕತಾಯಿ ಬಿದ್ದು ಬಿದ್ದು ನಕ್ಕಳು.

"ಬತ್ತಿಲ್ಲ ಕನವ್ವ, ಬತ್ತದ! ನಿಮ್ಮಣ್ಣ ಊರಿಂದ ಬತ್ತನ, ಮಳ ಬತ್ತದ, ನೀರೂ ಬತ್ತದ. ತಿಳೀತಾ ನನ್ ತಾಯಿ?"

ಅಷ್ಟರಲ್ಲಿ ನೀರು ಚಿಮ್ಮಿತು. ನೀಲವ್ವ ಹೌಹಾರಿ ನಕ್ಕಳು. ಅಂದಿನಿಂದ ಅದೇ ಅವರಿಬ್ಬರ ತಮಾಷೆಯಾಯಿತು. ಊಟ ಬಂದರೆ ನೀಲವ್ವ ತಾನೇ "ಬತ್ತದ, ಬತ್ತದ" ಎಂದು ಚಿಕ್ಕತಾಯಿಯ ದನಿಯಲ್ಲಿ ಕೂಗಿ ದಾಸಿಯರನ್ನು ನಗಿಸುತ್ತಿದ್ದಳು. ಈ ಸಂಗತಿಯನ್ನು ಓದುವವರು ಮರೆಯಬಾರದು. ಆ ಮಾತಿನ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ದಿನಗಳ ಮೇಲೆ ತಂಗಿಯನ್ನು ನೋಡಲು ಅಣ್ಣ ಬಸವಂತರಾಯ ತನ್ನ ಸವಾರರೊಂದಿಗೆ ಬಂದ. ಒಳ್ಳೆಯವನೇ ಎನ್ನುತ್ತಾರೆ. ಅವನ ತಾಯಿಗೆ ಮಂಡಿನೋವು. ಗುಂಡಿಯ ಒಳಗಿನ ಬಿಳಿ ಹಕ್ಕಳೆಯನ್ನು ಅರೆದು ಹಚ್ಚಿದರೆ ಗುಣವಾಗುತ್ತದೆಂದು ಯಾರೋ ವೈದ್ಯ ಅವನ ತಲೆಗೆ ತುಂಬಿದ್ದ. ಬಂದಾಗಿನಿಂದ ಅವನ ಕಣ್ಣು ಅದರ ಮೇಲೆಯೇ. ಬೆಳಗಿನ ಹೊತ್ತು ಅವನು ಅಂಚಿನಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ ನೀರು ಸರ್ರನೆ ಇಳಿಯಿತು. ಗುಂಡಿಯ ತಳ ಬರಿದಾಗಿ ಹೊಳೆಯಿತು. ಚಿಕ್ಕತಾಯಿ ಬಂಡೆಯ ಮೇಲೆ ನಿಂತು, "ಬುದ್ಧೀ, ಬತ್ತದ! ನೀರು ಬತ್ತದ!" ಎಂದು ಕೂಗಿದಳು. ಕಣ್ಣಿಗೆ ಕಂಡದ್ದೂ ಕಿವಿಗೆ ಕೇಳಿದ್ದೂ ಒಂದೇ ಆದಾಗ ಮನುಷ್ಯ ಯಾಕೆ ಅನುಮಾನಪಡುತ್ತಾನೆ? "ಬತ್ತ್ಯದಂತ" ಎಂದು ಸವಾರರ ಕಡೆ ತಿರುಗಿ ಹೇಳಿ, ಪಂಚೆ ಎತ್ತಿ ಕಟ್ಟಿ ಅವನು ಕೆಳಗಿಳಿದ. ಅವಳು ಇನ್ನೂ ಜೋರಾಗಿ ಅದೇ ಮಾತನ್ನು ಕೂಗಿದಳು. ಅಂಥ ಹೊತ್ತಿಗೆ ಅವಳ ಬಾಯಿಗೆ ಬರುತ್ತಿದ್ದ ಮಾತು ಅದೊಂದೇ; ಹೆದರಿದ ಬಾಯಿ ಬೇರೆ ಮಾತು ಹುಡುಕುವುದಿಲ್ಲ. ಅವನು ಕೈಯೆತ್ತಿ, ಆಯಿತು, ಕೇಳಿಸಿತು ಎಂಬಂತೆ ಸನ್ನೆ ಮಾಡಿದ.

ಓಡಿಹೋಗಿ ರಟ್ಟೆ ಹಿಡಿದು ಎಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವನು ನಿಂತಿದ್ದ ಅಂಚಿಗೂ ಅವಳ ಬಂಡೆಗೂ ಹೆಚ್ಚು ದೂರವಿರಲಿಲ್ಲ. ಆದರೆ ಅವಳು ದೊರೆಯ ಬೀಗರನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದ್ದಕ್ಕೆ ಕೈ ಕಳೆದುಕೊಂಡವರನ್ನು ಅವಳ ಕೇರಿ ಕಂಡಿತ್ತು. ಬಾಯಿಂದ ಮಾತ್ರ ಕಾಯಬೇಕು ಎಂದು ಕಟ್ಟು ಮಾಡಿದವರು ಊರಿನ ದೊಡ್ಡವರೇ. ಅವಳು ಬಂಡೆಯಿಂದ ಇಳಿದಳು, ಅಂಚಿನವರೆಗೂ ಹೋದಳು, ಕೈ ಚಾಚಿದಳು ಎಂದೂ ಕೆಲವರು ಹೇಳುತ್ತಾರೆ. ಅಷ್ಟರಲ್ಲಿ ನೀರು ಎದ್ದಿತು. ಹಬೆ ಇಳಿದಾಗ ಕಂಡದ್ದನ್ನು ನಾನು ಬರೆಯುವುದಿಲ್ಲ.

ನೀಲವ್ವ ಆಗ ಮುತ್ತುಗದ ಮರದ ಕೆಳಗೆ, ಗುಂಡಿಗೆ ಎದುರಾಗಿ ಕುಳಿತಿದ್ದಳು. ಮೊದಲ ಕೂಗಿಗೇ ಅವಳು ಎದ್ದು, ನೆರಿಗೆ ಎತ್ತಿ, ಕುಂಟುತ್ತ ಹಿಂದಕ್ಕೆ ಸರಿದದ್ದನ್ನು ಚಿಕ್ಕತಾಯಿ ಕಂಡಿದ್ದಳು. ಅಣ್ಣನನ್ನು ಮಾತ್ರ ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂಬುದಕ್ಕೆ ನಮ್ಮ ಹಿರಿಯರು ಬಗೆಬಗೆಯಾಗಿ ಹೇಳುತ್ತಾರೆ. ತನ್ನಂತೆ ಅವನಿಗೂ ತಿಳಿದಿದೆ ಎಂದುಕೊಂಡಳೋ, ಬೆಪ್ಪಾದ ಅಣ್ಣನನ್ನು ನೋಡಿ ಒಂದು ಗಳಿಗೆ ನಗು ಬಂತೋ, ನಾಲಿಗೆಯೇ ಹೊರಳಲಿಲ್ಲವೋ. ಇದ್ದಿರಬಹುದು. ಅಷ್ಟರ ಮಟ್ಟಿಗೆ ಅವಳನ್ನು ನಾನು ದೂರುವುದಿಲ್ಲ.

ಮಾರನೆಯ ದಿನ ರಾಚನಾಯಕ ಅದೇ ಮರದ ಕೆಳಗೆ ನ್ಯಾಯಕ್ಕೆ ಕೂತ. ಸತ್ತವನ ಸವಾರರು ಕತ್ತಿ ಹಿರಿದು ಸುತ್ತ ನಿಂತಿದ್ದರು. ಬತ್ತಿದೆ ಎಂದು ಸುಳ್ಳು ಹೇಳಿ ನಮ್ಮ ಧಣಿಯನ್ನು ಕೊಂದಳು ಎಂದು ಅವರ ದೂರು. ಚಿಕ್ಕತಾಯಿ ದೂರದಲ್ಲಿ ನಿಂತು ಹೇಳಿದಳು: "ನಾನ್ ಹೇಳುದ್ದು ಬತ್ತದ ಅಂತ ಬುದ್ಧಿ, ಬತ್ತೋಗದ ಅಂತಲ್ಲ. ಊರೋರ್ನ ಕೇಳಿ." ಪಾಳೆಗಾರ ಊರವರ ಕಡೆ ನೋಡಿದ. ಹುಟ್ಟಿದಾಗಿನಿಂದ ಅದೇ ಮಾತಾಡುತ್ತಿದ್ದ ಗೌಡ, ಯಜಮಾನರು, ಪೂಜಾರಿ ಎಲ್ಲರೂ ಸವಾರರ ಕತ್ತಿ ನೋಡಿ ನೆಲ ನೋಡಿದರು. ನಾಯಕನೂ ಈ ಸೀಮೆಯವನೇ. ದಿನಕ್ಕೆ ಹತ್ತಾರು ಸಲ ಬತ್ತದ ಎನ್ನುವ ಬಾಯಿ ಅವನದೂ. ಅವನಿಗೆ ಆ ಹೊತ್ತು ಬೇಕಾದದ್ದು ಅರ್ಥವಲ್ಲ, ಬೀಗರ ಕುದುರೆಗಳು. ಆಗ ಚಿಕ್ಕತಾಯಿ ಕೊನೆಯದಾಗಿ, "ದೊರೆಸಾನಮ್ಮಾರ್ಗ ಗೊತ್ತು. ನಾನೇ ಹೇಳ್ಕೊಟ್ಟಿವ್ನಿ. ಅವ್ರ್ನ ಕೇಳಿ ಬುದ್ಧಿ, ಅವ್ರು ಹೇಳ್ದಂಗಾಗ್ಲಿ" ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ ಎನ್ನುತ್ತಾರೆ. ಅಷ್ಟು ನಂಬಿಕೆ.

ನೀಲವ್ವ ತಲೆ ಎತ್ತಲಿಲ್ಲ. ತಿಳಿದಿತ್ತು ಎಂದರೆ, ಹಾಗಾದರೆ ನೀನೇಕೆ ಅಣ್ಣನನ್ನು ತಡೆಯಲಿಲ್ಲ ಎಂದು ತವರಿನವರು ಕೇಳುತ್ತಾರೆ. ಮಂಡಿನೋವಿನ ತಾಯಿ ಕೇಳುತ್ತಾಳೆ. ಬದುಕಿರುವಷ್ಟು ದಿನ ಕೇಳುತ್ತಾರೆ. "ನನಗೂ ಹಂಗೇ ಕೇಳಿಸ್ತು," ಎಂದಳು. "ಬತ್ತ್ಯದ ಅಂದ್ಳು."

ಇದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಕ್ಷಮಿಸಲಾರೆ. ನನ್ನ ಕ್ಷಮೆ ಯಾರಿಗೆ ಬೇಕು, ಅದು ಬೇರೆ ಮಾತು.

ಬತ್ತಿದೆ ಎಂದವಳೇ ಇಳಿದು ನೋಡಲಿ ಎಂದು ತೀರ್ಪಾಯಿತು. ನೀರು ಇಳಿಯುವ ಹೊತ್ತಿಗೆ ಕಾದು, ಈಟಿಗಳ ಮೊನೆಯಲ್ಲಿ ಚಿಕ್ಕತಾಯಿಯನ್ನು ಗುಂಡಿಯ ತಳಕ್ಕೆ ಇಳಿಸಿದರು. ನೋಡಲು ಜನವೋ ಜನ. ಸವಾರರು, ಕೋಟೆಯವರು, ಊರವರು ಒಬ್ಬರ ಮೇಲೊಬ್ಬರು ಬಿದ್ದು ಅಂಚಿನವರೆಗೂ ನುಗ್ಗಿದ್ದರು. ನೀಲವ್ವನನ್ನೂ ಮುಂದಿನ ಸಾಲಿನಲ್ಲಿಯೇ ನಿಲ್ಲಿಸಿದ್ದರು. ಅಷ್ಟು ಹತ್ತಿರ ಯಾರೂ ನಿಲ್ಲಬಾರದು ಎಂಬುದನ್ನು ಹೇಳುತ್ತಿದ್ದವಳು ಕೆಳಗಿದ್ದಳು. ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಅಂಚಿನಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಅವಳೊಡನೆಯೇ ಬೆಂದುಹೋಗುತ್ತಿದ್ದರು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಅವಳು ಪಾದದ ಕೆಳಗಿನ ಕಲ್ಲು ನಡುಗಿದ್ದು ತಿಳಿದ ಕೂಡಲೆ ಮುಖ ಮೇಲೆತ್ತಿ, ಎಂದಿನ ಗಟ್ಟಿ ದನಿಯಲ್ಲಿ, "ಬತ್ತದ! ಬತ್ತದ!" ಎಂದು ಕೂಗಿದಳು. ಅಭ್ಯಾಸವೋ, ಕರುಣೆಯೋ, ಹೇಳುವವರಿಲ್ಲ. ಜನ ಬಿದ್ದಂಬೀಳ ಓಡಿದರು. ಎಲ್ಲರಿಗಿಂತ ಮೊದಲು ಓಡಿದವರು ಬಡಗಣ ಸೀಮೆಯ ಸವಾರರು. ಉಳುಕು ಕಾಲಿನ ನೀಲವ್ವನೂ ಓಡಿದಳು. ಆ ದಿನ ಆ ಮಾತು ಯಾರ ಕಿವಿಗೂ ತಪ್ಪಾಗಿ ಕೇಳಿಸಲಿಲ್ಲ.

ರಾಚನಾಯಕ ಸತ್ತ ಮೇಲೆ, ಮುದುಕಿಯಾದ ನೀಲವ್ವ ಅಲ್ಲಿ ಮೆಟ್ಟಿಲು ಕಟ್ಟಿಸಿದಳು, ಚಿಕ್ಕ ಗುಡಿ ಎಬ್ಬಿಸಿದಳು. ಇದಕ್ಕೇನು ಹೆಸರು ಹಾಕೋಣ ಎಂದು ಕಲ್ಲುಕುಟಿಗರು ಕೇಳಿದಾಗ ಬತ್ತದ ಕುಂಡ ಎಂದಳಂತೆ. ಅದು ಅವಳ ಪ್ರಾಯಶ್ಚಿತ್ತ ಎಂದು ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಒಪ್ಪಿಕೊಳ್ಳುವುದಿದ್ದರೆ ಚಿಕ್ಕತಾಯಿಯ ಹೆಸರನ್ನೇ ಕೆತ್ತಿಸಬಹುದಿತ್ತು. ಒಂದೇ ಮಾತಿಗೆ ಎರಡು ಅರ್ಥ ಬರುವುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ತಿಳಿದವರಿಗೆ ಕೂಗು, ತಿಳಿಯದವರಿಗೆ ಎಂದೂ ಬತ್ತದ ಪುಣ್ಯತೀರ್ಥ. ಹೀಗೆ ಅವಳು ಎರಡನೆಯ ಸಲವೂ ತಪ್ಪಿಸಿಕೊಂಡಳು ಎಂದೇ ನನ್ನ ಎಣಿಕೆ.

ಈಗ ಬರುವವರು ಮೆಟ್ಟಿಲನ್ನೂ ಗುಡಿಯನ್ನೂ ನೋಡುತ್ತಾರೆ, ಕೈಮುಗಿಯುತ್ತಾರೆ, ಕೈಪಿಡಿ ತೆರೆದು ನೀರಿಗಾಗಿ ಕಾಯುತ್ತಾರೆ. ಅವರಿಗೆ ಬೇಸರ ತರಿಸುವುದು ನಮ್ಮೂರಿನವರ ಒರಟುತನ. ಕುಂಡದ ಹತ್ತಿರ ನಮ್ಮವರು ಯಾರೂ ಕೂಗುವುದಿಲ್ಲ. ನೀರು ಇಳಿದು ಸದ್ದು ನಿಂತರೆ, ಅಲ್ಲಿ ಕಡಲೆಕಾಯಿ ಮಾರುವವರು, ಮೇಕೆ ಮೇಯಿಸುವವರು, ಯಾರೇ ಇರಲಿ, ಅಂಚಿನಲ್ಲಿ ನಿಂತವರ ರಟ್ಟೆಗೆ ಕೈ ಹಾಕಿ ದರದರನೆ ಹಿಂದಕ್ಕೆ ಎಳೆಯುತ್ತಾರೆ. ಯಾವ ಜಾತಿ, ಎಷ್ಟು ದೊಡ್ಡವರು, ಗಂಡೋ ಹೆಣ್ಣೋ ನೋಡುವುದಿಲ್ಲ. ಮೊನ್ನೆ ಬೇಸಿಗೆಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಕೈಪಿಡಿಯಲ್ಲಿ ತಲೆ ಹುದುಗಿಸಿ ಅಂಚಿನಲ್ಲಿದ್ದ. ಕಡಲೆಕಾಯಿ ಮಾರುವ ಶಿವಮಲ್ಲಿ ಅವನನ್ನು ಎಳೆದ ರಭಸಕ್ಕೆ ಅಂಗಿಯ ತೋಳು ಹರಿಯಿತು. ಹಿಂದೆಯೇ ನೀರು ಚಿಮ್ಮಿ ಅವನು ನಿಂತಿದ್ದ ಕಲ್ಲು ಹೊಗೆಯಾಡಿತು. ಅವನು ಸುಧಾರಿಸಿಕೊಂಡು, ಹರಿದ ತೋಳನ್ನು ನೋಡಿಕೊಳ್ಳುತ್ತ, "ಏನಮ್ಮ, ಬಾಯಲ್ಲಿ ಒಂದು ಮಾತು ಹೇಳಬಾರದಿತ್ತೆ?" ಎಂದ.

ಶಿವಮಲ್ಲಿ ಚೆಲ್ಲಿದ ಕಡಲೆಕಾಯಿ ಆಯ್ದುಕೊಳ್ಳುತ್ತಿದ್ದಳು. ತಲೆ ಎತ್ತದೆಯೇ, "ಹೇಳುದ್ರ ಕೇಳಿರಾ ಬುದ್ಧಿ?" ಎಂದಳು.